ಟಿ.ವಿ.ಗೂ ಒಂದು ಪಥ್ಯವಿರಲಿ

ಕಳೆದ ತಿಂಗಳು ಒಬ್ಬ ತಾಯಿ ತಮ್ಮ ಏಳು ವರ್ಷದ ಮಗನನ್ನು ನನ್ನ ಕ್ಲಿನಿಕ್‌ಗೆ ಕರೆತಂದಿದ್ದರು. “ಡಾಕ್ಟ್ರೇ, ಇವನು ಟಿ.ವಿ.ಗೆ ಮೂಗು ತಾಗಿಸಿಕೊಂಡೇ ಕೂರುತ್ತಾನೆ. ಎಷ್ಟು ಬೈದರೂ ಹಿಂದೆ ಸರಿಯುವುದಿಲ್ಲ. ಕಣ್ಣು ಹಾಳಾಗುವ ಮೊದಲು ಏನಾದರೂ ಔಷಧ ಕೊಡಿ” ಎಂದರು. ನಾನು ಔಷಧ ಕೊಡಲಿಲ್ಲ. ಎದುರಿನ ಗೋಡೆಯ ಕ್ಯಾಲೆಂಡರ್ ತೋರಿಸಿ, ಕೂತಲ್ಲಿಂದಲೇ ಓದಲು ಹೇಳಿದೆ. ಹುಡುಗ ಕಣ್ಣು ಕಿರಿದು ಮಾಡಿದ, ಕುತ್ತಿಗೆ ಚಾಚಿದ, ಕೊನೆಗೆ ಎದ್ದು ನಾಲ್ಕು ಹೆಜ್ಜೆ ಮುಂದೆ ಹೋಗಿ ಓದಿದ. ಅವನನ್ನು ನೇತ್ರತಜ್ಞರ ಬಳಿಗೆ ಕಳುಹಿಸಿದೆ. ಹತ್ತು ದಿನಗಳ ನಂತರ ಕನ್ನಡಕ ಹಾಕಿಕೊಂಡು ಬಂದ. ಈಗ ಯಾರೂ ಹೇಳದೆಯೇ ದೂರ ಕೂತು ನೋಡುತ್ತಾನಂತೆ.

ಆ ಹುಡುಗನಲ್ಲಿ ನಾನು ನನ್ನನ್ನೇ ಕಂಡೆ. ಅದಕ್ಕಾಗಿ ಈ ತಿಂಗಳು ಯಾವುದೇ ಕಾಯಿಲೆಯ ಬಗ್ಗೆ ಬರೆಯದೆ, ನನ್ನ ಮತ್ತು ಟಿ.ವಿ.ಯ ಸಂಬಂಧದ ಬಗ್ಗೆ ಬರೆಯುತ್ತಿದ್ದೇನೆ. ಅದು ನಿಮ್ಮ ಮನೆಯ ಕಥೆಯೂ ಆಗಿರಬಹುದು.

ಮೇಷ್ಟ್ರ ಮನೆಯ ಭಾನುವಾರ

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯಲ್ಲಿ. ಅಬ್ಬಾ ದರ್ಜಿ. 1987ರಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಆರಂಭವಾದಾಗ ನನಗೆ ಏಳು ವರ್ಷ. ನಮ್ಮ ಬೀದಿಯಲ್ಲಿ ಟಿ.ವಿ. ಇದ್ದದ್ದು ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಮಾತ್ರ. ಭಾನುವಾರ ಬೆಳಿಗ್ಗೆ ಬೀದಿಯ ಮಕ್ಕಳೆಲ್ಲ ಅವರ ನಡುಮನೆಯಲ್ಲಿ ಚಾಪೆಯ ಮೇಲೆ ಸೇರುತ್ತಿದ್ದೆವು. ಮಲೆನಾಡಿನ ಗುಡ್ಡಗಳ ನಡುವೆ ಸಿಗ್ನಲ್ ಸಿಗುವುದೇ ಕಷ್ಟ. ಒಬ್ಬ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬ “ಬಂತು, ಬಂತು, ಹೋಯ್ತು” ಎಂದು ಕೂಗುವುದು. ಮಳೆಗಾಲದಲ್ಲಂತೂ ಚಿತ್ರಕ್ಕಿಂತ ಚುಕ್ಕಿಗಳೇ ಹೆಚ್ಚು. ನಮ್ಮದೇ ತಾಲ್ಲೂಕಿನ ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಬಂದಾಗ, ಅದೇ ಮನೆ, ಅದೇ ಬೀದಿ ಎಂದು ಗುರುತು ಹಿಡಿಯುವುದೇ ನಮಗೊಂದು ಸಡಗರ.

ಅಬ್ಬಾ ಟಿ.ವಿ.ಯನ್ನು ಮನೆಗೆ ತರಲು ಒಪ್ಪಿರಲಿಲ್ಲ. ಆ ಕಾಲದಲ್ಲಿ ನಮ್ಮ ಮೊಹಲ್ಲಾದಲ್ಲಿ ಅದು ಜಾಯಿಝೋ ನಾಜಾಯಿಝೋ ಎಂಬ ಚರ್ಚೆ ಬಿಸಿಯಾಗಿಯೇ ಇತ್ತು. ನಾನು ಮುಫ್ತಿಯಲ್ಲ, ಆ ಪ್ರಶ್ನೆಯನ್ನು ವಿದ್ವಾಂಸರಿಗೆ ಬಿಡುತ್ತೇನೆ. ಆದರೆ ಒಂದು ಮಾತು ನೆನಪಿದೆ. ಮೇಷ್ಟ್ರ ಹೆಂಡತಿ ಪ್ರತಿ ಭಾನುವಾರ ನನ್ನ ತೋಳು ಹಿಡಿದು ಹಿಂದೆ ಎಳೆದು, “ಅಷ್ಟು ಹತ್ತಿರ ಕೂರಬೇಡವೋ, ಕಣ್ಣು ಹೋಗುತ್ತೆ” ಎನ್ನುತ್ತಿದ್ದರು. ಎರಡು ನಿಮಿಷದಲ್ಲಿ ನಾನು ಮತ್ತೆ ಮುಂದೆ.

ಶಾಲೆಯಲ್ಲಿ ಬೋರ್ಡಿನ ಮೇಲಿನ ಲೆಕ್ಕ ತಪ್ಪು ಬರೆದುಕೊಂಡು ಏಟು ತಿನ್ನುತ್ತಿದ್ದೆ. ಒಂಬತ್ತನೇ ತರಗತಿಗೆ ಬಂದಾಗ ಕಣ್ಣು ಪರೀಕ್ಷೆಯಾಯಿತು, ದಪ್ಪ ಕನ್ನಡಕ ಬಂತು. ಇಡೀ ಮೊಹಲ್ಲಾ ತೀರ್ಪು ಕೊಟ್ಟಿತು: “ಕದ್ದು ಟಿ.ವಿ. ನೋಡಿ ಕಣ್ಣು ಹಾಳು ಮಾಡಿಕೊಂಡ.” ನಾನೂ ಹಾಗೆಯೇ ನಂಬಿದ್ದೆ. ಅಬ್ಬಾನ ಮಾತು ಮೀರಿದ್ದಕ್ಕೆ ಸಿಕ್ಕ ಶಿಕ್ಷೆ ಎಂದುಕೊಂಡಿದ್ದೆ. ವೈದ್ಯಕೀಯ ಓದಿದ ಮೇಲೆಯೇ ತಿಳಿದದ್ದು, ನಾವು ಕಾರಣವನ್ನೂ ಪರಿಣಾಮವನ್ನೂ ತಿರುವುಮುರುವು ಮಾಡಿದ್ದೆವು ಎಂದು. ಹತ್ತಿರ ಕೂತದ್ದಕ್ಕೆ ನನ್ನ ಕಣ್ಣು ಕೆಟ್ಟದ್ದಲ್ಲ. ಕಣ್ಣು ಕಾಣದ್ದಕ್ಕೆ ನಾನು ಹತ್ತಿರ ಕೂರುತ್ತಿದ್ದೆ. ಟಿ.ವಿ. ಆಗ ನನ್ನ ಕಾಯಿಲೆಯನ್ನು ಹೇಳುತ್ತಿತ್ತು, ಯಾರೂ ಕೇಳಿಸಿಕೊಳ್ಳಲಿಲ್ಲ. ಆರು ವರ್ಷ ಬೋರ್ಡು ಕಾಣದೆ ಏಟು ತಿಂದೆ. ಆದ್ದರಿಂದ ತಂದೆತಾಯಂದಿರಿಗೆ ನನ್ನ ಮೊದಲ ಮಾತು: ಮಗು ಟಿ.ವಿ.ಯ ಹತ್ತಿರ ಹೋಗುತ್ತಿದ್ದರೆ ಬೈಯುವ ಮೊದಲು ಕಣ್ಣು ತೋರಿಸಿ.

ಟಿ.ವಿ.ಯೇ ಮೊದಲು ಮಲಗುತ್ತಿತ್ತು

ಅಬ್ಬಾನ ಹಟ ಕರಗಿಸಿದ್ದು ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’. 1990ರಲ್ಲಿ ಅದು ಆರಂಭವಾದಾಗ ಅವರು ಮೇಷ್ಟ್ರ ಮನೆಯ ಜಗುಲಿಯಲ್ಲಿ ನಿಂತು, ಒಳಗೆ ಬರದೆ, ಕಿಟಕಿಯಿಂದಲೇ ನೋಡುತ್ತಿದ್ದರು. ಮೇಷ್ಟ್ರು ಕುರ್ಚಿ ಹಾಕಿದರೂ ಕೂರುತ್ತಿರಲಿಲ್ಲ. ಮರುವರ್ಷದ ಈದ್‌ಗೆ ಸೆಕೆಂಡ್‌ಹ್ಯಾಂಡ್ ಕಪ್ಪು ಬಿಳುಪು ಟಿ.ವಿ.ಯೊಂದು ನಮ್ಮ ಮನೆಗೆ ಬಂತು. ಅಬ್ಬಾ ಅದಕ್ಕೆ ಹಸಿರು ಬಟ್ಟೆಯ ಪರದೆಯೊಂದನ್ನು ತಾವೇ ಹೊಲಿದರು. ಅಝಾನ್ ಆದಾಗ, ಊಟದ ಹೊತ್ತಿಗೆ, ಅತಿಥಿಗಳು ಬಂದಾಗ ಪರದೆ ಇಳಿಯುತ್ತಿತ್ತು. ಅದೇ ನಮ್ಮ ಮನೆಯ ಕಾನೂನು.

ಆಗ ಇದ್ದದ್ದು ದೂರದರ್ಶನ ಮಾತ್ರ. ರಾತ್ರಿ ಇಂತಿಷ್ಟು ಹೊತ್ತಿಗೆ ಕಾರ್ಯಕ್ರಮಗಳು ಮುಗಿದೇ ಹೋಗುತ್ತಿದ್ದವು. ಅಂದರೆ ಟಿ.ವಿ.ಯೇ ನಮಗಿಂತ ಮೊದಲು ಮಲಗುತ್ತಿತ್ತು. ವಾರಕ್ಕೊಂದು ಧಾರಾವಾಹಿ, ವಾರಕ್ಕೊಂದು ಸಿನಿಮಾ. ಉಳಿದ ಆರು ದಿನ ಅದರ ಬಗ್ಗೆ ಮಾತು. ಪ್ರಮಾಣವನ್ನು ನಾವು ನಿಯಂತ್ರಿಸುತ್ತಿರಲಿಲ್ಲ, ಅದೇ ನಿಯಂತ್ರಿಸಿಕೊಳ್ಳುತ್ತಿತ್ತು. ಆ ಕಾಲದ ಟಿ.ವಿ. ನಮ್ಮ ಆರೋಗ್ಯ ಕೆಡಿಸದೆ ಇದ್ದದ್ದಕ್ಕೆ ನಮ್ಮ ಸಂಯಮವೇ ಕಾರಣವೆಂದು ಹೆಮ್ಮೆಪಡಬೇಕಿಲ್ಲ.

1996ರ ಮಾರ್ಚ್ 9ರ ರಾತ್ರಿ ಬೆಂಗಳೂರಿನಲ್ಲಿ ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್. ಬೌಂಡರಿ ಹೊಡೆದು ಕೈ ತೋರಿಸಿದ ಆಮಿರ್ ಸೊಹೈಲ್‌ನನ್ನು ಮುಂದಿನ ಚೆಂಡಿನಲ್ಲೇ ನಮ್ಮ ವೆಂಕಟೇಶ್ ಪ್ರಸಾದ್ ಬೌಲ್ಡ್ ಮಾಡಿದಾಗ ನಾನು ಕಿರುಚಿದ ಸದ್ದು ಮೇಷ್ಟ್ರ ಮನೆಗೂ ಕೇಳಿತ್ತು. ಅಂದು ನಮ್ಮ ನಡುಮನೆಯಲ್ಲಿ ಇಪ್ಪತ್ತು ಜನ ಇದ್ದರು, ಅರ್ಧದಷ್ಟು ಜನ ಬೇರೆ ಮನೆಯವರು. 1998ರಲ್ಲಿ ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ ಬರುವಾಗ ಅಮ್ಮಿ ಮತ್ತು ಮೇಷ್ಟ್ರ ಹೆಂಡತಿ ಅಕ್ಕಿ ಆರಿಸುತ್ತಾ ಒಟ್ಟಿಗೆ ನೋಡುತ್ತಿದ್ದರು. ಅಮ್ಮಿ ಸ್ಪಷ್ಟವಾಗಿ ಕನ್ನಡ ಮಾತಾಡಲು ಕಲಿತದ್ದೇ ಹಾಗೆ.

ನೋಡುವ ವೈದ್ಯ, ಹೇಳುವ ವೈದ್ಯ

ಯೂನಾನಿ ಓದಲು ಬೆಂಗಳೂರಿಗೆ ಬಂದೆ. ಅಲ್ಲಿ ಮೊದಲು ಕಲಿಸಿದ ಪಾಠಗಳಲ್ಲೊಂದು ‘ಅಸ್ಬಾಬೆ ಸಿತ್ತಾ ಝರೂರಿಯಾ’, ಅಂದರೆ ಬದುಕಿಗೆ ಅನಿವಾರ್ಯವಾದ ಆರು ಕಾರಣಗಳು. ಗಾಳಿ, ಆಹಾರ ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ಇವು ಹದದಲ್ಲಿದ್ದರೆ ಆರೋಗ್ಯ, ಹದ ತಪ್ಪಿದರೆ ರೋಗ. ಈ ಹದಕ್ಕೆ ‘ಏತಿದಾಲ್’ ಎನ್ನುತ್ತೇವೆ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ಇವನ್ನು ವಿವರಿಸುವಾಗ ಟಿ.ವಿ. ಇರಲಿಲ್ಲ. ಆದರೆ ಈ ಆರರಲ್ಲಿ ನಾಲ್ಕನ್ನು ಒಂದೇ ಏಟಿಗೆ ಕೆಡಿಸುವ ವಸ್ತುವನ್ನು ಹುಡುಕಿದರೆ ನಮ್ಮ ನಡುಮನೆಯಲ್ಲೇ ಸಿಗುತ್ತದೆ.

ಇದನ್ನು ನಾನು ರೋಗಿಗಳಿಗೆ ಹೇಳುತ್ತಲೇ ಇದ್ದೆ. ನನ್ನ ಸ್ಥಿತಿ ಏನಿತ್ತು? ಶಿವಮೊಗ್ಗದಲ್ಲಿ ಕ್ಲಿನಿಕ್ ತೆರೆದ ಮೇಲೆ ರಾತ್ರಿ ಹತ್ತಕ್ಕೆ ಮನೆ ಸೇರುವುದು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ರಿಮೋಟ್. ಆಗ ಇಪ್ಪತ್ತನಾಲ್ಕು ಗಂಟೆಯ ಸುದ್ದಿ ವಾಹಿನಿಗಳು ಬಂದಿದ್ದವು. ನಾಲ್ಕು ಜನ ಏಕಕಾಲದಲ್ಲಿ ಕೂಗಾಡುವ ಚರ್ಚೆಯನ್ನು ನೋಡುತ್ತಾ ಎಷ್ಟು ರೊಟ್ಟಿ ತಿಂದೆ ಎಂಬ ಲೆಕ್ಕವೇ ಇರುತ್ತಿರಲಿಲ್ಲ. ಹನ್ನೆರಡೂವರೆ, ಒಂದು ಗಂಟೆಗೆ ಮಲಗುವುದು. ಫಜ್ರ್‌ಗೆ ಅಲಾರಾಂ ಬಡಿದುಕೊಳ್ಳುತ್ತಿತ್ತು, ನಾನು ಅದರ ಬಾಯಿ ಮುಚ್ಚಿಸುತ್ತಿದ್ದೆ. ಮೂವತ್ತಾರನೇ ವಯಸ್ಸಿಗೆ ತೂಕ 84 ಕಿಲೋ, ಸಕ್ಕರೆ ಗಡಿ ದಾಟುವ ಹಂತ.

ಒಂದು ದಿನ ಹೊಸನಗರ ಕಡೆಯ ವಯಸ್ಸಾದ ರೈತರೊಬ್ಬರು ನಿದ್ರೆ ಬರುವುದಿಲ್ಲವೆಂದು ಬಂದರು. ನೆತ್ತಿಗೆ ಹಚ್ಚಲು ಎಣ್ಣೆ ಬರೆದುಕೊಟ್ಟು, ಇಶಾ ಮುಗಿಸಿ ಬೇಗ ಮಲಗಿ, ಇಶಾ ನಂತರದ ವೃಥಾ ಹರಟೆಯನ್ನು ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ ಎಂದೆಲ್ಲ ಹೇಳಿದೆ. ಅವರು ಎಲ್ಲವನ್ನೂ ಕೇಳಿ, “ಹಕೀಂ ಸಾಬ್, ನಿಮ್ಮ ಕಣ್ಣು ಯಾಕೆ ಇಷ್ಟು ಕೆಂಪಾಗಿದೆ? ನಿಮಗೂ ನಿದ್ರೆ ಇಲ್ಲವಾ?” ಎಂದು ಕೇಳಿದರು. ಅವರಲ್ಲಿ ವ್ಯಂಗ್ಯವಿರಲಿಲ್ಲ, ಕಾಳಜಿಯಿತ್ತು. ಅದೇ ನನಗೆ ಹೆಚ್ಚು ನಾಟಿತು.

ಅಮ್ಮಿಯ ರಕ್ತದೊತ್ತಡ

ಆದರೂ ನಾನು ಬದಲಾಗಲಿಲ್ಲ. ಬದಲಾಯಿಸಿದ್ದು 2020. ಅಬ್ಬಾ ತೀರಿಕೊಂಡ ನಂತರ ಅಮ್ಮಿ ನಮ್ಮ ಜೊತೆಗೇ ಇದ್ದರು. ಲಾಕ್‌ಡೌನ್. ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಟಿ.ವಿ. ಆ ಏಪ್ರಿಲ್‌ನಲ್ಲಿ ಕೆಲವು ವಾಹಿನಿಗಳ ಚರ್ಚೆಗಳು ಒಂದು ರೋಗಾಣುವಿಗೆ ಧರ್ಮ ಕೊಟ್ಟದ್ದನ್ನು ನೀವೂ ನೋಡಿದ್ದೀರಿ. ಅಮ್ಮಿ ಅದನ್ನು ಗಂಟೆಗಟ್ಟಲೆ ನೋಡುತ್ತಿದ್ದರು. “ತರಕಾರಿಯವನು ನಮ್ಮ ಮನೆ ಮುಂದೆ ನಿಲ್ಲದೆ ಹೋದ, ನೋಡಿದೆಯಾ?” ಎನ್ನುತ್ತಿದ್ದರು. ಪಾಪ, ಆ ತರಕಾರಿಯವನು ಮಾಲು ಖಾಲಿಯಾಗಿ ಹೋಗಿದ್ದ. ರಾತ್ರಿ ಎದ್ದು ಬಾಗಿಲ ಚಿಲಕ ನೋಡುತ್ತಿದ್ದರು. ಒಂದು ಸಂಜೆ ಎದೆ ಬಡಿತ ಎಂದರು. ರಕ್ತದೊತ್ತಡ ನೋಡಿದರೆ 180/100. ವರ್ಷಗಳಿಂದ ಮಾತ್ರೆಯಿಂದ 130ರ ಆಸುಪಾಸಿನಲ್ಲಿದ್ದ ಒತ್ತಡ ಅದು.

ಯೂನಾನಿ ಗ್ರಂಥಗಳಲ್ಲಿ ಮನಸ್ಸಿನ ಚಲನೆಗಳ ಬಗ್ಗೆ ಒಂದು ವಿವರಣೆಯಿದೆ. ಕೋಪ ಬಂದಾಗ ‘ರೂಹ್’ ಮತ್ತು ದೇಹದ ಉಷ್ಣ ಒಮ್ಮೆಲೇ ಹೊರಕ್ಕೆ ನುಗ್ಗುತ್ತದೆ, ಮುಖ ಕೆಂಪಾಗುತ್ತದೆ. ಭಯವಾದಾಗ ಒಮ್ಮೆಲೇ ಒಳಕ್ಕೆ ಸರಿಯುತ್ತದೆ, ಕೈಕಾಲು ತಣ್ಣಗಾಗುತ್ತದೆ. ಒಂದೇ ಗಂಟೆಯಲ್ಲಿ ಹತ್ತು ಸಲ ಕೋಪ, ಹತ್ತು ಸಲ ಭಯ ಹುಟ್ಟಿಸುವ ಕಾರ್ಯಕ್ರಮವನ್ನು ಎಪ್ಪತ್ತರ ಹರೆಯದ ಹೃದಯದ ಮುಂದೆ ದಿನವಿಡೀ ಇಟ್ಟರೆ ಏನಾಗುತ್ತದೆ? ಪುಸ್ತಕದಲ್ಲಿ ಓದಿದ್ದನ್ನು ನಾನು ನನ್ನ ತಾಯಿಯ ತೋಳಿಗೆ ಕಟ್ಟಿದ ಪಟ್ಟಿಯಲ್ಲಿ ನೋಡಿದೆ. ಅದು ನಾನೇ ತಿಂಗಳ ಹಣ ಕಟ್ಟಿ ಮನೆಗೆ ತರಿಸಿದ ವಿಷವಾಗಿತ್ತು.

ಹೃದ್ರೋಗ ತಜ್ಞರಿಗೆ ಫೋನ್ ಮಾಡಿ ಮಾತ್ರೆಯ ಪ್ರಮಾಣ ಸರಿಪಡಿಸಿಕೊಂಡೆ. ಅದೇ ರಾತ್ರಿ ಟಿ.ವಿ.ಯ ವೈರ್ ಕಿತ್ತು ಅಟ್ಟಕ್ಕೆ ಹಾಕಿದೆ. ದೊಡ್ಡ ಕೆಲಸ ಮಾಡಿದೆ ಎಂದುಕೊಂಡೆ.

ನಾಲ್ಕನೇ ದಿನ ಅಮ್ಮಿ ಊಟ ಅರ್ಧಕ್ಕೇ ಬಿಟ್ಟರು. ಏನಮ್ಮಿ ಎಂದು ಕೇಳಿದರೆ, “ನೀನು ಕ್ಲಿನಿಕ್‌ಗೆ ಹೋಗುತ್ತೀ, ಸೊಸೆಗೆ ಕೆಲಸ, ಮಕ್ಕಳ ಕೈಯಲ್ಲಿ ಮೊಬೈಲ್. ನನ್ನ ಹತ್ತಿರ ಮಾತಾಡುತ್ತಿದ್ದದ್ದು ಅದೊಂದೇ. ಅದನ್ನೂ ಅಟ್ಟಕ್ಕೆ ಹಾಕಿದೆ” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಭಯ ಒಂದು ರೋಗವಾದರೆ ಒಂಟಿತನ ಇನ್ನೊಂದು. ಒಂದನ್ನು ತೆಗೆಯಲು ಹೋಗಿ ಇನ್ನೊಂದನ್ನು ಕೊಟ್ಟಿದ್ದೆ.

ಮರುದಿನ ವೈರ್ ಕೆಳಗಿಳಿಯಿತು. ಆದರೆ ಈ ಸಲ ಪಥ್ಯದೊಂದಿಗೆ. ಸುದ್ದಿ ಪತ್ರಿಕೆಯಲ್ಲಿ ಮಾತ್ರ, ಅದೂ ಬೆಳಿಗ್ಗೆ ನಾನು ಓದಿ ಹೇಳುವುದು. ಚರ್ಚೆಗಳು ಬೇಡವೇ ಬೇಡ. ಅಮ್ಮಿಗೆ ಇಷ್ಟವಾದ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’, ಅಡುಗೆ ಕಾರ್ಯಕ್ರಮ. ರಮಝಾನ್ ಬಂದಾಗ ಮಕ್ಕಾದ ನೇರ ಪ್ರಸಾರ. ಜನಸಾಗರವಿರಬೇಕಾದ ಹರಮ್‌ನಲ್ಲಿ ಬೆರಳೆಣಿಕೆಯ ಜನ ತರಾವೀಹ್‌ಗೆ ನಿಂತದ್ದನ್ನು ಕಂಡು ಅಮ್ಮಿ ಅತ್ತರು. ನಾವೆಲ್ಲ ಜೊತೆಗೆ ಕೂತು ಅತ್ತೆವು. ಆ ಅಳು ಅವರ ಎದೆಯನ್ನು ಹಗುರ ಮಾಡಿತೇ ಹೊರತು ಭಾರ ಮಾಡಲಿಲ್ಲ. ತಿಂಗಳಲ್ಲಿ ರಕ್ತದೊತ್ತಡ ಹಳೆಯ ಹಂತಕ್ಕೆ ಬಂತು. ಮಾತ್ರೆಯ ಪಾಲೂ ಅದರಲ್ಲಿದೆ, ಟಿ.ವಿ.ಯ ಪಥ್ಯವೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಚಿಲಕ ನೋಡಲು ಅವರು ರಾತ್ರಿ ಏಳುವುದು ನಿಂತಿತು. ಅದಕ್ಕೆ ಮಾತ್ರೆ ಇರಲಿಲ್ಲ.

ಈಗ ನನ್ನ ಅಭಿಪ್ರಾಯ

ಅಮ್ಮಿ 2023ರಲ್ಲಿ ಅಲ್ಲಾಹನ ಕರೆಗೆ ಓಗೊಟ್ಟರು. ನಂತರ ನಮ್ಮ ಟಿ.ವಿ. ತಿಂಗಳುಗಟ್ಟಲೆ ಹತ್ತಲೇ ಇಲ್ಲ. ಒಳ್ಳೆಯದಾಯಿತು ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಎಂದುಕೊಂಡೆ. ಆಮೇಲೆ ನೋಡಿದರೆ ಮಗ ಒಂದು ಕೋಣೆಯಲ್ಲಿ, ಮಗಳು ಇನ್ನೊಂದರಲ್ಲಿ, ನಾವಿಬ್ಬರೂ ಹಾಸಿಗೆಯ ಎರಡು ಬದಿಯಲ್ಲಿ, ನಾಲ್ವರ ಕೈಯಲ್ಲೂ ನಾಲ್ಕು ಫೋನು. ನಡುಮನೆ ಖಾಲಿ. ಮಗಳು ಏನು ನೋಡಿ ನಗುತ್ತಿದ್ದಾಳೆ, ಮಗ ಏನು ನೋಡಿ ಮುಖ ಗಂಟಿಕ್ಕಿದ್ದಾನೆ ಎಂದು ನಮಗೆ ಗೊತ್ತಿಲ್ಲ.

ನಮ್ಮ ಸಮುದಾಯದ ಅನೇಕ ಮನೆಗಳವರು “ನಮ್ಮಲ್ಲಿ ಟಿ.ವಿ. ಇಲ್ಲ” ಎಂದು ಹೆಮ್ಮೆಯಿಂದ ಹೇಳುತ್ತಾರೆ. ಅವರ ನಿರ್ಧಾರವನ್ನು ಗೌರವಿಸುತ್ತೇನೆ. ಆದರೆ ಕ್ಲಿನಿಕ್‌ನಲ್ಲಿ ಅವರ ಮಕ್ಕಳ ಬಳಿ ಮಾತಾಡಿದಾಗ ರಾತ್ರಿ ಒಂದರವರೆಗೆ ಹೊದಿಕೆಯೊಳಗೆ ಫೋನು ಇರುವುದು ಗೊತ್ತಾಗುತ್ತದೆ. ಬಾಗಿಲು ಮುಚ್ಚಿ ಕಿಟಕಿ ತೆರೆದಿಟ್ಟ ಹಾಗೆ. ನಡುಮನೆಯ ಟಿ.ವಿ.ಯಲ್ಲಿ ಏನು ಬರುತ್ತದೆಂದು ತಾಯಿಗೆ ಗೊತ್ತಾಗುತ್ತಿತ್ತು. ಬೇಡದ ದೃಶ್ಯ ಬಂದರೆ ಯಾರಾದರೂ ಕೆಮ್ಮುತ್ತಿದ್ದರು. ಫೋನಿಗೆ ಕೆಮ್ಮುವವರಿಲ್ಲ.

ಆದ್ದರಿಂದ, ಹಿಂದೆ “ಟಿ.ವಿ. ಆರಿಸಿ” ಎಂದಷ್ಟೇ ಹೇಳುತ್ತಿದ್ದ ನಾನು ಈಗ ಹೇಳುವುದು ಬೇರೆ: ನೋಡುವುದಿದ್ದರೆ ಒಟ್ಟಿಗೆ ನೋಡಿ, ಆರಿಸಿಕೊಂಡು ನೋಡಿ, ಹೊತ್ತಿಗೆ ಸರಿಯಾಗಿ ಆರಿಸಿ. ಔಷಧವಾಗುವುದೂ ವಿಷವಾಗುವುದೂ ಪ್ರಮಾಣದಿಂದ. ನಮ್ಮ ಮನೆಯಲ್ಲಿ ಪಾಲಿಸುವ, ರೋಗಿಗಳಿಗೂ ಹೇಳುವ ಕೆಲವು ಮಾತುಗಳು ಇವು.

ಊಟದ ಹೊತ್ತಿಗೆ ಪರದೆ ಬೇಡ. ಕಣ್ಣು ಟಿ.ವಿ.ಯಲ್ಲಿದ್ದಾಗ ಹೊಟ್ಟೆ ತುಂಬಿದ್ದು ಮನಸ್ಸಿಗೆ ತಿಳಿಯುವುದಿಲ್ಲ, ಅಗಿಯುವುದೂ ಕಡಿಮೆ. ಮಗು ಉಣ್ಣುವುದಿಲ್ಲವೆಂದು ಮೊಬೈಲ್ ಹಿಡಿದು ತುತ್ತು ತುರುಕುವ ಅಭ್ಯಾಸವನ್ನಂತೂ ದಯವಿಟ್ಟು ಬಿಡಿ. ಹಸಿವನ್ನು ಗುರುತಿಸುವ ಪಾಠವೇ ಆ ಮಗುವಿಗೆ ತಪ್ಪಿಹೋಗುತ್ತದೆ.

ಮಲಗುವ ಒಂದು ಗಂಟೆ ಮೊದಲು ಎಲ್ಲ ಪರದೆಗಳೂ ಆರಲಿ. ಕತ್ತಲಾದಂತೆ ಮೆದುಳಿನಲ್ಲಿ ಮೆಲಟೋನಿನ್ ಸ್ರವಿಸಿ ದೇಹವನ್ನು ನಿದ್ರೆಗೆ ಸಜ್ಜು ಮಾಡುತ್ತದೆ. ಕಣ್ಣಿಗೆ ಬೀಳುವ ಬೆಳಕು ಅದನ್ನು ತಡೆಯುತ್ತದೆ. ರಮಝಾನ್‌ನಲ್ಲಿ ತರಾವೀಹ್‌ನಿಂದ ಸಹ್ರಿಯವರೆಗೆ ಪರದೆಯ ಮುಂದೆ ಕೂತು ಹಗಲಿಡೀ ತೂಕಡಿಸುವ ಯುವಕರು ಇದನ್ನು ಗಮನಿಸಬೇಕು. ಉಪವಾಸದ ಸುಸ್ತು ಎಂದು ಅವರು ಹೇಳುವುದರಲ್ಲಿ ಅರ್ಧ ನಿದ್ರೆಗೇಡಿನ ಸುಸ್ತು.

ಎರಡು ವರ್ಷದೊಳಗಿನ ಮಕ್ಕಳನ್ನು ಪರದೆಯ ಮುಂದೆ ಕೂರಿಸಬೇಡಿ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಮಕ್ಕಳನ್ನು ಹಗಲು ಬೆಳಕಿನಲ್ಲಿ ಹೊರಗೆ ಆಡಲು ಬಿಡಿ. ಹೊರಗೆ ಹೆಚ್ಚು ಹೊತ್ತು ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ.

ನೋಡುವಾಗ ಕೋಣೆಯ ದೀಪ ಹಚ್ಚಿರಲಿ. ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣು ಒಣಗಿ ಉರಿಯುತ್ತದೆ. ಆಗಾಗ ದೂರಕ್ಕೆ ನೋಡಿ, ರೆಪ್ಪೆ ಬಡಿಯಿರಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಸಕ್ಕರೆ ಕಾಯಿಲೆ, ಮಂಡಿನೋವು ಇರುವವರಿಗೆ ಇದು ಇನ್ನೂ ಮುಖ್ಯ.

ಮನೆಯ ಹಿರಿಯರು ಏನು ನೋಡುತ್ತಿದ್ದಾರೆ ಎಂದು ವಿಚಾರಿಸಿ. ಮಕ್ಕಳ ಬಗ್ಗೆ ನಾವು ಇಷ್ಟು ಚಿಂತಿಸುತ್ತೇವೆ, ವಯಸ್ಸಾದವರನ್ನು ರಿಮೋಟ್ ಕೈಗಿತ್ತು ಮರೆಯುತ್ತೇವೆ. ಎದೆಬಡಿತ, ನಿದ್ರಾಹೀನತೆ, ವಿನಾಕಾರಣ ಭಯ ಕಂಡರೆ ವೈದ್ಯರಿಗೆ ತೋರಿಸಿ. ಜೊತೆಗೆ ದಿನಕ್ಕೆ ಎಷ್ಟು ಗಂಟೆ ಸುದ್ದಿ ಚರ್ಚೆ ನೋಡುತ್ತಾರೆಂಬುದನ್ನೂ ವೈದ್ಯರಿಗೆ ಹೇಳಿ. ಟಿ.ವಿ. ಆರಿಸುವುದಾದರೆ ಆ ಜಾಗದಲ್ಲಿ ನೀವು ಹೋಗಿ ಕೂರಬೇಕು. ಖಾಲಿ ಬಿಡಬಾರದು.

ನಮ್ಮ ಮನೆಯಲ್ಲಿ ಈಗ ಭಾನುವಾರ ಅಸ್ರ್ ಮತ್ತು ಮಗ್ರಿಬ್ ನಡುವೆ ಒಂದು ಗಂಟೆ ಎಲ್ಲರೂ ನಡುಮನೆಯಲ್ಲಿ ಕೂತು ಏನಾದರೊಂದನ್ನು ನೋಡುತ್ತೇವೆ. ಆಯ್ಕೆಯ ಸರದಿ ಒಬ್ಬೊಬ್ಬರಿಗೆ ಒಂದೊಂದು ವಾರ. ಮಗನ ಸರದಿ ಬಂದರೆ ಕ್ರಿಕೆಟ್, ಮಗಳದ್ದಾದರೆ ಕಾಡುಪ್ರಾಣಿಗಳು. ಜಗಳವೂ ಆಗುತ್ತದೆ. ಆದರೆ ಮುಖಾಮುಖಿ ಕೂತು ಜಗಳವಾಡುತ್ತಿದ್ದೇವೆ, ಅದೂ ಆರೋಗ್ಯದ ಲಕ್ಷಣವೇ.

ಅಬ್ಬಾ ಹೊಲಿದ ಹಸಿರು ಪರದೆ ಅಮ್ಮಿಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಈಗಿನ ಟಿ.ವಿ.ಗೆ ಅದು ಚಿಕ್ಕದು. ಇಶಾ ಆದ ಮೇಲೆ ನಾಲ್ಕೂ ಫೋನುಗಳನ್ನು ಒಂದು ಬುಟ್ಟಿಯಲ್ಲಿಟ್ಟು ಅದನ್ನು ಮೇಲೆ ಹೊದಿಸುತ್ತೇವೆ. ಮೊದಲ ವಾರ ನನ್ನ ಕೈಯೇ ಎರಡು ಸಲ ಬುಟ್ಟಿಯ ಕಡೆಗೆ ಹೋಗಿತ್ತು. ಈಗ ಹೋಗುವುದಿಲ್ಲ ಎಂದು ಹೇಳಲಾರೆ, ಕಡಿಮೆಯಾಗಿದೆ. ಫಜ್ರ್‌ನ ಅಲಾರಾಂಗೆ ಮಾತ್ರ ಹಳೆಯ ಗಡಿಯಾರ ತಂದಿಟ್ಟಿದ್ದೇನೆ. ನೀವೂ ಇಂದಿನಿಂದಲೇ ಒಂದು ವಾರ ಇದನ್ನು ಮಾಡಿ ನೋಡಿ. ಖರ್ಚಿಲ್ಲದ ಚಿಕಿತ್ಸೆ, ಅಡ್ಡಪರಿಣಾಮವೂ ಇಲ್ಲ.